ತಾಯಿಯನ್ನು ಯಾರ ಕೈಗೆ ಒಪ್ಪಿಸುತ್ತೀರಿ?

ನಮ್ಮ ವೃದ್ಧಾಶ್ರಮದಲ್ಲಿ ಗುಟ್ಟು ಹೇಳಿಕೊಳ್ಳಲು ಇರುವುದು ಒಂದೇ ಜಾಗ, ನೆಲಮಾಳಿಗೆಯ ನನ್ನ ಬಟ್ಟೆ ಒಗೆಯುವ ಕೋಣೆ. ಮೆಷಿನ್‌ಗಳು ಗಡಗಡ ಅನ್ನುತ್ತಲೇ ಇರುವುದರಿಂದ ಇಲ್ಲಿ ಆಡಿದ ಮಾತು ಬಾಗಿಲು ದಾಟುವುದಿಲ್ಲ. ನರ್ಸ್‌ಗಳು ಒಬ್ಬೊಬ್ಬರಾಗಿ ಇಳಿದು ಬರುತ್ತಾರೆ, ಬೆಡ್‌ಶೀಟಿನ ಗಂಟಿನ ಮೇಲೆ ಕೂತು ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುತ್ತಾರೆ, ಮಡಿಸಿಟ್ಟ ಟವೆಲ್ ಎತ್ತಿಕೊಂಡು ಹಗುರಾಗಿ ಮೇಲೆ ಹೋಗುತ್ತಾರೆ. ನನ್ನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಬಟ್ಟೆ ಒಗೆಯುವವಳಿಗೂ ಒಂದು ಅಭಿಪ್ರಾಯ ಇದ್ದೀತು ಎಂದು ಯಾರಿಗೆ ಹೊಳೆಯಬೇಕು?

ಎಲ್ಲರಿಗಿಂತ ಹೆಚ್ಚು ಸಲ ಬರುತ್ತಿದ್ದವಳು ಮೇಜರ್. ಸೈನ್ಯಕ್ಕೂ ಅವಳಿಗೂ ಸಂಬಂಧವಿಲ್ಲ. ನಡಿಗೆ ಹಾಗೆ, ದನಿಯೂ ಹಾಗೆ, ಅದಕ್ಕೆ ಆ ಹೆಸರು ಅಂಟಿಕೊಂಡಿತು. ಅವಳು ಕಾರಿಡಾರಿನಲ್ಲಿ ಬಂದರೆ ವೀಲ್‌ಚೇರಿನಲ್ಲಿದ್ದ ಅಜ್ಜಂದಿರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದ ಮೇಲಾಯಿತು ಅವಳು ಇಲ್ಲಿ ನರ್ಸ್ ಆಗಿ. ಮೂರನೇ ಮಹಡಿಯಲ್ಲಿ ಮರೆವಿನ ಕಾಯಿಲೆಯವರು ಇರುತ್ತಾರೆ. ಆ ಮಹಡಿ ಶುರುವಾದ ದಿನ ಮಂಚಗಳನ್ನು ಎಳೆದು ಜೋಡಿಸಿದವಳು ಅವಳೇ. ಅದರ ಇನ್‌ಚಾರ್ಜ್ ಸಿಸ್ಟರ್ ಆಗಬೇಕು ಎನ್ನುವುದೊಂದೇ ಅವಳ ಆಸೆ. ಗಂಡ, ಮಕ್ಕಳು, ಸ್ವಂತ ಮನೆ, ಯಾವುದರ ಬಗ್ಗೆಯೂ ಅವಳು ಹಾಗೆ ಕಣ್ಣರಳಿಸಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವಳ ಬಿಳಿ ಕೋಟಿಗೆ ಇಸ್ತ್ರಿ ಹಾಕುವುದು ನಾನು. ಯಾರೂ ಇಲ್ಲದಾಗ ಅದನ್ನು ನನ್ನ ಮೈಗೆ ಹಿಡಿದು ನೋಡಿಕೊಂಡದ್ದೂ ಉಂಟು. ನನಗೆ ಭುಜದಲ್ಲಿ ಸ್ವಲ್ಪ ಬಿಗಿ.

ಅದೇ ಮಹಡಿಯಲ್ಲಿ ಅವಳ ವಾರಗಿತ್ತಿಯೂ ನರ್ಸ್. ಮೈದುನನ ಮದುವೆಯಾಗಿ ಹುಡುಗಿ ಮನೆಗೆ ಬಂದ ಮೇಲೆ, ಓದಿದ್ದಾಳೆ, ಸುಮ್ಮನೆ ಯಾಕೆ ಕೂರಬೇಕು ಎಂದು ಕೈಹಿಡಿದು ಕರೆತಂದು ಕೆಲಸಕ್ಕೆ ಹಚ್ಚಿದವಳು ಮೇಜರೇ. ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಿದ್ದವರನ್ನು ಎತ್ತುವುದು, ಬೈಯುವ ಅಜ್ಜಿಗೆ ನಗುನಗುತ್ತ ಮಾತ್ರೆ ನುಂಗಿಸುವುದು, ಎಲ್ಲ ಇವಳೇ ಕಲಿಸಿದ್ದು. ಹುಡುಗಿಯ ಮಾತು ಮೆತ್ತಗೆ, ಹೆಜ್ಜೆ ಇನ್ನೂ ಮೆತ್ತಗೆ. ಬೆಣ್ಣೆ ಎಂದು ಹೆಸರಿಟ್ಟವಳೂ ಮೇಜರೇ. ಆಗ ಅದು ಮುದ್ದಿಗೆ ಇಟ್ಟ ಹೆಸರು.

ಒಂದು ದಿನ ಮೇಟ್ರನ್ ಮೇಡಂ ಎಲ್ಲರನ್ನೂ ಕರೆದು ಹೇಳಿದರು: ವಯಸ್ಸಾದವರ ಆರೈಕೆಯಲ್ಲಿ ಮೇಲ್ಮಟ್ಟದ ತರಬೇತಿ, ಜೊತೆಗೆ ತಂಡ ನಡೆಸುವ ತರಬೇತಿ, ಒಂದು ವರ್ಷ, ಒಬ್ಬರಿಗೆ ಮಾತ್ರ ಅವಕಾಶ. ಮುಗಿಸಿ ಬಂದವರಿಗೇ ಮೂರನೇ ಮಹಡಿ ಸಿಗುವುದೆಂದು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಅರ್ಥವಾಯಿತು.

ಆರಿಸುವುದರಲ್ಲಿ ಮೇಡಂ ಅವರದ್ದೊಂದು ಪದ್ಧತಿ. ಚೀಟಿ ಇಲ್ಲ, ಪರೀಕ್ಷೆ ಇಲ್ಲ. ಒಬ್ಬೊಬ್ಬರೇ ಅವರ ಕೋಣೆಗೆ ಹೋಗಬೇಕು. ಅವರು ಒಂದೇ ಪ್ರಶ್ನೆ ಕೇಳುತ್ತಾರೆ: "ನಿಮ್ಮ ತಾಯಿ ಮೂರನೇ ಮಹಡೀಲಿ ಮಲಗಿದಾರೆ ಅಂದ್ಕೊಳಿ. ಯಾರ ಕೈಗೆ ಒಪ್ಪಿಸ್ತೀರಿ?" ತನ್ನ ಹೆಸರು ಬಿಟ್ಟು ಬೇರೆ ಯಾರ ಹೆಸರನ್ನಾದರೂ ಹೇಳಿ ಬರಬೇಕು, ಹೆಚ್ಚು ಸಲ ಬಂದ ಹೆಸರೇ ಗೆದ್ದಂತೆ.

ಅವತ್ತು ಮೇಜರ್ ನನ್ನ ಕೋಣೆಗೆ ಬಂದು ಗಂಟಿನ ಮೇಲೆ ಕಾಲು ಚಾಚಿ ಕೂತಳು.

"ಯಾರ ಹೆಸರು ಹೇಳ್ದೆ?" ಎಂದೆ.

"ಬೆಣ್ಣೇದು."

"ವಾರಗಿತ್ತಿ ಅಂತಾನಾ?"

"ಅಯ್ಯೋ, ನಿನಗೆ ಬುದ್ಧಿ ಯಾವಾಗ ಬರುತ್ತೆ? ಕನ್ನಡಕದೋಳ ಹೆಸರು ಹೇಳಿದ್ರೆ ಅವಳಿಗೆ ಒಂದು ಓಟು ಸೇರುತ್ತೆ. ಬೆಣ್ಣೆಗಾದ್ರೆ ನಂದೊಂದೇ ಬೀಳೋದು. ಬಿದ್ದಲ್ಲೇ ಬಿದ್ದಿರುತ್ತೆ."

ಕನ್ನಡಕದವಳು ಎಂದರೆ ಮೇಜರ್ ಜೊತೆಗೇ ಸೇರಿದ ಇನ್ನೊಬ್ಬ ಹಿರಿಯ ನರ್ಸ್. ಇಬ್ಬರೂ ಎದುರಿಗೆ ಸಿಕ್ಕರೆ ಹಲ್ಲು ಕಿರಿಯುತ್ತಾರೆ, ದಾಟಿದ ಮೇಲೆ ಮೂಗು ಮುರಿಯುತ್ತಾರೆ. ಮಧ್ಯಾಹ್ನ ಅವಳೂ ಬಂದಳು, ಅದೇ ಗಂಟಿನ ಮೇಲೆ ಕೂತಳು. ಮೇಜರ್‌ಗೆ ಒಂದು ಓಟೂ ಸೇರದಿರಲಿ ಎಂದು ತಾನೂ ಬೆಣ್ಣೆಯ ಹೆಸರನ್ನೇ ಹೇಳಿ ಬಂದೆ ಎಂದು ನಕ್ಕಳು. ಸಂಜೆಯೊಳಗೆ ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ಇದೇ ಜಾಣತನವನ್ನು ಪಿಸುಗುಟ್ಟಿದರು. ನಾನು ಮೆಷಿನ್ನಿಗೆ ಸೋಪಿನ ಪುಡಿ ಹಾಕುತ್ತ ನಗು ತಡೆದುಕೊಂಡೆ.

ಮರುದಿನ ಬೆಣ್ಣೆಯ ಹೆಸರು ಬಂತು. ಮೇಡಂ ಕಣ್ಣಲ್ಲಿ ನೀರು. "ಹಿರಿಯರೆಲ್ಲ ಸೇರಿ ಕಿರಿಯವಳನ್ನ ಮುಂದೆ ತಂದ್ರಲ್ಲ, ಇಂಥ ದೊಡ್ಡ ಮನಸ್ಸು ನಾನೆಲ್ಲೂ ನೋಡಿಲ್ಲ" ಎಂದರು. ದೊಡ್ಡ ಮನಸ್ಸಿನವರೆಲ್ಲ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ಆಕ್ಷೇಪ ಎತ್ತುವ ಹಾಗಿಲ್ಲ. ಎತ್ತಿದರೆ ತನ್ನ ಬಂಡವಾಳವೇ ಬಯಲಾಗುತ್ತದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮೇಜರ್. ಅವಳ ಅಂಗೈ ಸಂಜೆಯವರೆಗೂ ಕೆಂಪಗಿತ್ತು.

ಆಮೇಲಿನ ಒಂದು ವರ್ಷ ಅವಳು ಉರಿದದ್ದು ಅಷ್ಟಿಷ್ಟಲ್ಲ. ಬೆಣ್ಣೆ ವಾರಕ್ಕೆರಡು ದಿನ ತರಬೇತಿಗೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಮನೆಯ ಅಡುಗೆ ಪೂರ್ತಿ ಇವಳ ತಲೆಗೆ. ಅತ್ತೆ ಊಟದ ಹೊತ್ತಿಗೆ, "ಪಾಪ, ಚಿಕ್ಕವಳು ಎಷ್ಟು ಓದ್ತಾಳೆ" ಎಂದರೆ ಇವಳು ಪಾತ್ರೆ ಕುಕ್ಕುತ್ತಿದ್ದಳು. ಇವಳ ಗಂಡ ಒಳ್ಳೆಯ ಮನುಷ್ಯ, ಆದರೆ ಯಾವಾಗ ಬಾಯಿ ಮುಚ್ಚಿಕೊಂಡಿರಬೇಕೆಂದು ಗೊತ್ತಿಲ್ಲ. "ನಮ್ಮನೇಲೂ ಒಬ್ಬಳು ಲೀಡರ್ ಆದ್ಲು ನೋಡು" ಎಂದುಬಿಟ್ಟನಂತೆ. ಆ ವಾರವೆಲ್ಲ ಅವನ ಡಬ್ಬಿಗೆ ನಿನ್ನೆಯ ಪಲ್ಯವೇ ಗತಿ. ವಾರಗಿತ್ತಿಯರು ಒಂದೇ ಮನೆಯಿಂದ ಹೊರಟು ಬೇರೆ ಬೇರೆ ಬಸ್ಸಿನಲ್ಲಿ ಬರತೊಡಗಿದರು.

ಬೆಣ್ಣೆ ಎಂಬ ಹೆಸರಿನ ಮುದ್ದು ಹೋಗಿ, ಅದೀಗ ಬೈಗುಳದ ಹಾಗೆ ಕೇಳುತ್ತಿತ್ತು. "ಮೇಡಂ ಮುಂದೆ ಹೆಂಗೆ ಕರಗ್ತಾಳೆ ನೋಡು" ಎನ್ನುತ್ತಿದ್ದಳು ಮೇಜರ್. ಡ್ಯೂಟಿ ಬದಲಾಗುವಾಗ ಎಲ್ಲರೂ ನಿಂತುಕೊಂಡೇ ಒಂದು ಚಿಕ್ಕ ಸಭೆ ಮಾಡೋಣ, ಯಾವ ಅಜ್ಜಿ ಇವತ್ತು ಅತ್ತಳು, ಯಾರು ಊಟ ಬಿಟ್ಟರು ಎಂದು ಹೇಳಿಕೊಳ್ಳೋಣ ಎಂದು ಬೆಣ್ಣೆ ಶುರು ಮಾಡಿದಾಗ ಮೇಜರ್, "ನನಗೆ ಮಂಡಿನೋವು" ಎಂದು ಕುರ್ಚಿ ಎಳೆದುಕೊಂಡು ಕೂತಳು. ಮರುದಿನ ಬೆಣ್ಣೆ ತಾನೇ ಕುರ್ಚಿ ತಂದಿಟ್ಟು, "ಅಕ್ಕ, ಕೂತ್ಕೊಳಿ" ಎಂದಳು. ಮೇಜರ್‌ಗೆ ಮಂಡಿಯಲ್ಲಿ ಇಲ್ಲದ ನೋವು ಆಗ ಎದೆಯಲ್ಲಿ ಬಂದಿರಬೇಕು.

ವರ್ಷ ಮುಗಿಯುವ ಹೊತ್ತಿಗೆ ತರಬೇತಿಯ ಕೊನೆಯ ಪಾಠವನ್ನು ಬೆಣ್ಣೆ ನಮ್ಮಲ್ಲೇ ಮಾಡಿ ತೋರಿಸಬೇಕಿತ್ತು. ನರ್ಸ್‌ಗಳೇ ಒಂದು ಹೊತ್ತು ಮುದುಕರಾಗುವುದು. ಕಣ್ಣು ಮಂಜಾಗಲೆಂದು ಕನ್ನಡಕದ ಗಾಜಿಗೆ ಮುಲಾಮು ಸವರಿ ಹಾಕಿಕೊಳ್ಳಬೇಕು. ಕಿವಿಗೆ ಹತ್ತಿ, ಕೈಗೆ ದಪ್ಪ ಗವಸು, ಹೆಜ್ಜೆಗೊಮ್ಮೆ ಚುಚ್ಚಲೆಂದು ಬೂಟಿನೊಳಗೆ ಕಾಳು. ವೀಲ್‌ಚೇರಿನಲ್ಲಿ ಕೂತು ಇನ್ನೊಬ್ಬರ ಕೈಯಲ್ಲಿ ಊಟ ಮಾಡಬೇಕು, ಮಾತಾಡಬಾರದು. "ಮೊದಲು ಹಿರಿಯರು" ಎಂದು ಮೇಡಂ ಮೇಜರನ್ನೇ ಕೂರಿಸಿದರು. ನಾನು ಟವೆಲ್ ಇಡುವ ನೆಪದಲ್ಲಿ ಹೋದವಳು ಗೋಡೆಗೊರಗಿ ನಿಂತೆ.

ಮೊದಲು ಉಣಿಸಿದವಳು ಕನ್ನಡಕದವಳು. ಒಂದು ಚಮಚ ಗಂಜಿ, ಇನ್ನೊಂದು ಚಮಚ, ಬಾಯಿ ಒರೆಸು, ಮತ್ತೊಂದು ಚಮಚ. ನಾವೆಲ್ಲ ದಿನಾ ನೋಡುವ ವೇಗವೇ. ಮೇಜರ್ ಕೂಡ ಹಾಗೇ ಉಣಿಸುತ್ತಿದ್ದದ್ದು, ಮಹಡಿ ತುಂಬ ಬಾಯಿಗಳು ಕಾಯುತ್ತಿರುವಾಗ ಬೇರೆ ಹೇಗೆ ಸಾಧ್ಯ? ಆದರೆ ಗವಸಿನ ಆ ಎರಡು ಕೈಗಳು ಮೇಲೆದ್ದು, ಸಾಕು, ತಡಿ ಎಂದು ಗಾಳಿಯಲ್ಲಿ ತಡಕಾಡಿದವು. ಗಂಜಿ ನೆತ್ತಿಗೆ ಹತ್ತಿ ಅವಳು ಕೆಮ್ಮಿದಳು.

ಆಮೇಲೆ ಬಟ್ಟಲು ಬೆಣ್ಣೆಯ ಕೈಗೆ ಬಂತು. ಅವಳು ಸ್ಟೂಲು ಎಳೆದು ಮೇಜರ್ ಮುಖದ ಮಟ್ಟಕ್ಕೆ ಕೂತಳು. ಗವಸಿನ ಕೈಯನ್ನು ಮುಟ್ಟಿದಳು. ಚಮಚವನ್ನು ಕಾಣುವ ಹಾಗೆ ಹಿಡಿದು ಸುಮ್ಮನೆ ಕಾದಳು. ಮೇಜರ್ ಬಾಯಿ ತೆರೆಯಲಿಲ್ಲ. ಅವಳ ದವಡೆ ನೋಡಿಯೇ ನನಗೆ ತಿಳಿಯಿತು, ಇದು ಬೇಕೆಂದೇ ಮಾಡುತ್ತಿರುವುದು, ಎಲ್ಲರೆದುರು ಬೆಣ್ಣೆಯ ಪಾಠ ನೆಲಕಚ್ಚಲಿ ಎಂದು. ಬೆಣ್ಣೆ ಕಾದಳು. ಗಂಜಿ ಆರಿತು. ಎದ್ದು ಬಿಸಿ ಮಾಡಿಸಿಕೊಂಡು ಬಂದು ಮತ್ತೆ ಅಲ್ಲೇ ಕೂತಳು. ನೋಡುವವರು ಆಕಳಿಸಿದರು. ಅವಳ ಮುಖದಲ್ಲಿ ಸಿಡುಕಿಲ್ಲ, ಅವಸರವಿಲ್ಲ, ನಾಟಕವೂ ಇಲ್ಲ. ಮೇಜರ್ ಅಷ್ಟು ಹಟ ಮಾಡಿದರೂ ಕೊನೆಗೆ ಅವಳ ಬಾಯಿ ತಾನಾಗಿ ತೆರೆಯಿತು.

ಆ ಸಂಜೆ ನನ್ನ ಕೋಣೆಗೆ ಬಂದ ಮೇಜರ್ ಕೂರಲಿಲ್ಲ, ಮೆಷಿನ್ನಿಗೆ ಒರಗಿ ನಿಂತಳು. ಬೂಟಿನಲ್ಲಿ ಉಳಿದಿದ್ದ ಒಂದು ಕಾಳು ತೆಗೆದು ಮೂಲೆಗೆ ಎಸೆದಳು.

"ಮೂದೇವಿ, ಎಷ್ಟು ಹೊತ್ತು ಕಾಯ್ತಾಳೆ ಕಣೇ!"

"ಹೂಂ, ನೋಡಿದೆ."

"ನನ್ನ ಹೆತ್ತಮ್ಮನೂ ಹಂಗೆ ಕಾದಿರಲಿಲ್ಲ. ಎರಡು ಬಿಟ್ಟು ತುರುಕೋಳು." ಬೂಟು ಮತ್ತೆ ಹಾಕಿಕೊಂಡಳು. "ನಿಜವಾಗ್ಲೂ ಚೆನ್ನಾಗಿ ಮಾಡ್ತಾಳೆ. ಅದೇ ಹೊಟ್ಟೆ ಉರಿ. ಬರೀ ಬೂಟಾಟಿಕೆ ಆಗಿದ್ದಿದ್ರೆ ನೆಮ್ಮದಿಯಾಗಿ ಬೈಕೊಂಡಿರಬಹುದಿತ್ತು."

ಆ ಪಾಠದ ಸುದ್ದಿ ಹಬ್ಬಿತು. ವಾರಕ್ಕೊಮ್ಮೆ ಬಂದು ಹೊಸಬರಿಗೆ ಕಲಿಸಿ ಎಂದು ತರಬೇತಿ ಕೇಂದ್ರದವರೇ ಬೆಣ್ಣೆಯನ್ನು ಕರೆದರು. ಮೊದಲು ಮೇಜರ್ ಒಬ್ಬಳ ಹೊಟ್ಟೆಯಲ್ಲಿದ್ದ ಉರಿ ಈಗ ಎಲ್ಲರಿಗೂ ಹತ್ತಿಕೊಂಡಿತು. ಕನ್ನಡಕದವಳು ನನ್ನ ಗಂಟಿನ ಮೇಲೆ ಕೂತು, "ನಿನ್ನೆ ಮೊನ್ನೆ ಬಂದೋಳು ನಮಗೆ ಪಾಠ ಹೇಳ್ತಾಳೆ" ಎಂದು ಉಗಿದಳು. ಮಿಕ್ಕವರೂ ಬಂದು ಅದನ್ನೇ ಹಾಡಿದರು.

ಅಷ್ಟರಲ್ಲಿ ಮೂರನೇ ಮಹಡಿಗೆ ಇನ್‌ಚಾರ್ಜ್ ಸಿಸ್ಟರನ್ನು ಆರಿಸುವ ದಿನ ಬಂತು. ಬೆಣ್ಣೆಗೇ ಎಂದು ಎಲ್ಲರೂ ಎಣಿಸಿದ್ದರು. ಆದರೆ ಮೇಡಂ, "ಕಲಿತು ಬಂದಿದಾಳೆ, ಸರಿ. ಅವಳ ಹಿಂದೆ ನಡೆಯೋರು ನೀವು, ನೀವೇ ಹೇಳಿ" ಎಂದು ಮತ್ತೆ ತಮ್ಮ ಪದ್ಧತಿಯನ್ನೇ ಹಿಡಿದರು. ಒಬ್ಬೊಬ್ಬರೇ ಕೋಣೆಗೆ, ಅದೇ ಪ್ರಶ್ನೆ.

ಮೇಡಂ ಹೊರಗೆ ಬಂದು ಹೇಳಿದರು: "ಒಬ್ಬರನ್ನ ಬಿಟ್ಟು ಎಲ್ಲರೂ ಒಂದೇ ಹೆಸರು ಹೇಳಿದೀರಿ. ಮೇಜರ್ ಸಿಸ್ಟರ್, ಇನ್ಮೇಲೆ ಮೂರನೇ ಮಹಡಿ ನಿಮ್ಮದು. ಆ ಒಬ್ಬರು ಹೇಳಿದ್ದು ಇವಳ ಹೆಸರು" ಎಂದು ಬೆಣ್ಣೆಯ ಬೆನ್ನು ತಟ್ಟಿದರು.

ಚಪ್ಪಾಳೆಯೋ ಚಪ್ಪಾಳೆ. ಮೊದಲು ಓಡಿ ಬಂದು ಅಪ್ಪಿಕೊಂಡವಳು ಬೆಣ್ಣೆ. "ಅಕ್ಕಾ, ನಂಗೊತ್ತಿತ್ತು" ಎಂದಳು. ಕನ್ನಡಕದವಳು ಸಿಹಿ ಹಂಚಿದಳು. ಮೇಜರ್ ಕೈಮುಗಿದಳು, ಇಪ್ಪತ್ತು ವರ್ಷದಿಂದ ಕಾದ ಮಾತು ಕಿವಿಗೆ ಬಿದ್ದರೂ ಅವಳ ಮುಖ ಅರಳಲಿಲ್ಲ. ನಾನು ಕೆಳಗಿಳಿದು ಬಂದ ಸ್ವಲ್ಪ ಹೊತ್ತಿಗೇ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಬಂದವಳೇ ಗಂಟಿನ ಮೇಲೆ ಕುಸಿದಳು.

"ಏನೇ, ಸಿಹಿ ಎಲ್ಲಿ ನಂಗೆ?" ಎಂದೆ.

"ಅವಳ ಹೆಸರು ಹೇಳಿದ ಆ ಒಬ್ಬಳು ನಾನೇ ಕಣೇ."

ನಾನು ಮಡಿಸುತ್ತಿದ್ದ ದಿಂಬಿನ ಚೀಲ ಕೆಳಗಿಟ್ಟೆ. "ನೀನಾ? ಯಾಕೆ?"

"ಪ್ರಶ್ನೆ ಹಂಗಿತ್ತಲ್ಲ. ನಮ್ಮಮ್ಮ ಮಲಗಿದಾರೆ ಅಂದ್ರು. ಹೋದ ಸಲ ನಾನು ಪ್ರಶ್ನೆ ಕೇಳಿಸ್ಕೊಂಡೇ ಇರಲಿಲ್ಲ. ಈ ಸಲ ಬಾಯಿಗೆ ಆ ಗಂಜಿ ನೆನಪಾಯ್ತು. ನನ್ನ ಹೊಟ್ಟೆಕಿಚ್ಚಿಗೆ ಅಮ್ಮನ್ನ ಯಾಕೆ ಕನ್ನಡಕದೋಳ ಕೈಗೆ ಕೊಡಲಿ?" ಮೂಗೊರೆಸಿಕೊಂಡಳು. "ಎರಡು ಸಲವೂ ಅವಳ ಹೆಸರೇ ಹೇಳ್ದೆ. ಮೊದಲನೇ ಸಲ ಅವಳು ಗೆಲ್ಲಲ್ಲ ಅಂತ. ಈ ಸಲ ಗೆದ್ರೆ ಗೆಲ್ಲಲಿ ಅಂತ. ಎರಡೂ ಉಲ್ಟಾ ಹೊಡೀತು ನೋಡು."

"ಬಿಡೇ, ಎಲ್ಲರೂ ನಿನ್ನೇ ಒಪ್ಕೊಂಡ್ರಲ್ಲ."

"ಎಲ್ಲಿ ಒಪ್ಕೊಂಡ್ರು? ಅವಳಿಗೆ ಸಿಗಬಾರದು ಅಂತ ನನ್ನ ಕೂರಿಸಿದ್ರು. ನಾನೇ ಕಂಡುಹಿಡಿದ ಆಟ, ನಂಗೆ ಗೊತ್ತಾಗಲ್ವಾ? ನನಗೇ ಬೇಕು ಅಂತ ನನ್ನ ಹೆಸರು ಹೇಳಿದೋಳು ಒಬ್ಬಳೇ. ಅದೂ ಆ ಬೆಣ್ಣೆ."

ಮೆಷಿನ್ ನೀರು ಬಸಿದು ನಿಂತಿತು. ಕೋಣೆ ಇದ್ದಕ್ಕಿದ್ದಂತೆ ಮೌನವಾದಾಗ ಅವಳು ದನಿ ತಗ್ಗಿಸಿದಳು.

"ಇನ್ನೊಂದು ಹೇಳ್ತೀನಿ, ನಗಬೇಡ. ಮಹಡಿ ಸಿಕ್ತು, ಆದ್ರೂ ಹೊಟ್ಟೆ ಉರೀತಿದೆ. ಎಲ್ಲರೂ ಉರ್ಕೊಳೋ ಅಷ್ಟು ಅವಳು ಬೆಳೆದುಬಿಟ್ಲಲ್ಲ. ಇಷ್ಟು ವರ್ಷ ದುಡಿದೆ, ನನ್ನ ಕಂಡು ಯಾರಿಗಾದ್ರೂ ಒಂದಿನ ಹೊಟ್ಟೆಕಿಚ್ಚು ಬಂದಿತ್ತಾ?"

ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದೆನಲ್ಲ. ಅವತ್ತು ಅವಳು ಕೇಳಿದ್ದಳು.

"ನಂಗೆ ಬಂದಿತ್ತು" ಎಂದೆ.

ಅವಳು ತಲೆಯೆತ್ತಿದಳು. "ನಿಂಗಾ? ನನ್ನ ಮೇಲಾ?"

"ಹೂಂ. ಇಸ್ತ್ರಿ ಹಾಕುವಾಗೆಲ್ಲ. ಈಗ್ಲೂ ಇದೆ."

ತಮಾಷೆಗೆ ಹೇಳುತ್ತಿದ್ದೇನೋ ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲವೆಂದು ತಿಳಿದಾಗ, ಮೇಲೆ ಅಷ್ಟು ಜನ ಚಪ್ಪಾಳೆ ತಟ್ಟಿದರೂ ಅರಳದ ಮುಖ ನಿಧಾನವಾಗಿ ಅರಳಿತು.

"ತುಂಬಾನಾ?" ಎಂದು ಕೇಳಿದಳು.

"ಬೇಕಾದಷ್ಟು."

ಅವಳು ಎದ್ದು ನಲ್ಲಿಯಲ್ಲಿ ಮುಖ ತೊಳೆದುಕೊಂಡು, ನನ್ನದೇ ಟವೆಲ್‌ನಲ್ಲಿ ಒರೆಸಿಕೊಂಡು, ಮೂರನೇ ಮಹಡಿಗೆ ಹೋದಳು.