ಪೊರಕೆ ಒರಗಿಸಿದ ಬಾಗಿಲು

ಪೊರಕೆ ಸುಳ್ಳಾಡುವುದಿಲ್ಲ. ದೋಣಿಯೂ ಸುಳ್ಳಾಡುವುದಿಲ್ಲ. ಹಾಗಾದರೆ ಎರಡರಲ್ಲಿ ಯಾವುದನ್ನು ನಂಬುವುದು? ಮೋಟಾರು ಆರಿಸಿ, ತನ್ನ ದೋಣಿಯನ್ನು ತೇಲಲು ಬಿಟ್ಟು, ಕೌಕೊ ತೀಹೊನೆನ್ ಎಂಬವನು ಎದುರಿನ ದ್ವೀಪದ ಕಡೆ ನೋಡುತ್ತ ಕೂತಿದ್ದಾನೆ. ಬೆಳಗಿನ ಜಾವ. ಹಾಗೆಂದು ಗಡಿಯಾರ ಹೇಳುತ್ತದೆ, ಆಕಾಶ ಹೇಳುವುದಿಲ್ಲ. ಜೂನ್ ಕೊನೆಯ ಸೂರ್ಯ ಮುಳುಗುವ ಶಾಸ್ತ್ರವೊಂದನ್ನು ಮುಗಿಸಿ ಆಗಲೇ ಮರಗಳ ತುದಿಗೆ ಬಂದಿದ್ದಾನೆ. ಬಂಡೆಯ ಮೇಲಿನ ಕೆಂಪು ಮರದ ಮನೆಯ ಬಾಗಿಲಿಗೆ ಪೊರಕೆ ಒರಗಿದೆ. ಕೆಳಗೆ ಹಲಗೆಯ ಕಟ್ಟೆಗೆ ಆ ಮನೆಯ ಒಂದೇ ಒಂದು ದೋಣಿ ಕಟ್ಟಿದ ಹಾಗೇ ಇದೆ.

ಸೈಮಾ ಸರೋವರದ ಈ ಸೀಮೆಯಲ್ಲಿ ಬಾಗಿಲಿಗೆ ಹೊರಗಿನಿಂದ ಪೊರಕೆ ಒರಗಿಸಿದ್ದರೆ ಮನೆಯಲ್ಲಿ ಯಾರೂ ಇಲ್ಲ. ಬೀಗ ಪೇಟೆಯವರಿಗೆ. ಪೊರಕೆ ಇದ್ದ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ಕಿಟಕಿಯಲ್ಲಿ ಇಣುಕುವುದಿಲ್ಲ, ಮನೆ ಸುತ್ತಿ ನೋಡುವುದೂ ಇಲ್ಲ. ಅರವತ್ತಾರು ವರ್ಷದ ಬಾಳಿನಲ್ಲಿ ಕೌಕೊ ಆ ಗೆರೆ ದಾಟಿಲ್ಲ. ಆದರೆ ದ್ವೀಪ ಬಿಟ್ಟು ದೋಣಿಯಿಲ್ಲದೆ ಹೋಗುವುದಾದರೂ ಎಲ್ಲಿಗೆ? ಭಾನುವಾರದಿಂದ ಹೀಗೇ ಇದೆ. ಇವತ್ತು ಮಂಗಳವಾರ. ನಾಳೆ ಆ ಮನೆಯಲ್ಲಿರುವ ಹೆಂಗಸು ಸ್ಪೇನಿಗೆ ಹೊರಡಬೇಕು.

ಫಿನ್ಲೆಂಡ್ ಎಂದರೆ ಹಿಮ ಎಂದೇ ಲೋಕ ನಂಬಿದೆ. ತಮ್ಮೂರಿನ ಸೆಕೆ ತಾಳಲಾರದೆ ಈಚೆಗೆ ದಕ್ಷಿಣ ಯುರೋಪಿನವರು ಬೇಸಿಗೆ ಕಳೆಯಲು ಇಲ್ಲಿಗೆ ಬರತೊಡಗಿದ ಮೇಲೂ ಆ ನಂಬಿಕೆ ಅಲ್ಲಾಡಿಲ್ಲ. ಅವರು ದೋಣಿ ಇಳಿಯುವ ಮೊದಲೇ ಕಟ್ಟಿಗೆ ಸೀಳಿ, ಸೌನಾದ ಒಲೆ ಹೊತ್ತಿಸಿ, ಹಬೆಯಲ್ಲಿ ಕೂತು ಮೈಗೆ ಬಡಿದುಕೊಳ್ಳಲು ಬರ್ಚ್ ಎಲೆಯ ಕಟ್ಟುಗಳನ್ನು ನೀರಲ್ಲಿ ನೆನೆಹಾಕಿ, ಪಾಯಿಖಾನೆಯ ತೊಟ್ಟಿ ಬರಿದುಮಾಡಿ ಮಾಯವಾಗುವವನು ಕೌಕೊ. ಹನ್ನೊಂದು ದ್ವೀಪಮನೆಗಳಿಗೆ ಇವನೊಬ್ಬನೇ ಕೈ. ದಿಮ್ಮಿಗಳ ತೆಪ್ಪ ಎಳೆಯುವ ಹಡಗಿನಲ್ಲಿ ಸವೆದ ಭುಜ ಈಗ ಎಡಕ್ಕೆ ತುಸು ಜೋತಿದೆ. ಅತಿಥಿಗಳಲ್ಲಿ ಬಹಳ ಮಂದಿ ಅವನ ಮುಖವನ್ನೇ ನೋಡಿಲ್ಲ.

“ನೋಡಿದವರೂ ವಿಚಿತ್ರ ಪ್ರಶ್ನೆ ಕೇಳ್ತಾರೆ,” ಎನ್ನುತ್ತಾನೆ. “ಒಬ್ಬರು ಕತ್ತಲೆ ಎಷ್ಟು ಹೊತ್ತಿಗೆ ಬರುತ್ತೆ ಅಂದ್ರು. ಆಗಸ್ಟಿಗೆ ಬರುತ್ತೆ ಅಂದೆ. ತಮಾಷೆ ಅಂದ್ಕೊಂಡ್ರು.”

ಸ್ಪೇನಿನ ಆ ಹೆಂಗಸು, ಅಂಪಾರೊ, ಹಾಗೆ ಕೇಳಲಿಲ್ಲ. ಎರಡು ವಾರದ ಹಿಂದೆ ದಪ್ಪ ಉಣ್ಣೆಯ ಕೋಟು ತೊಟ್ಟು ಬಂದಿಳಿದ ಆಕೆ, ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ, ಇದೇನಾ ಓನ್ನಿಯ ಊರು ಎಂದಷ್ಟೇ ಕೇಳಿದಳು. ಅದೂ ಗಂಡನಿಂದ ಕಲಿತ ಫಿನ್ನಿಷ್ ಮಾತಿನಲ್ಲಿ, ಇಲ್ಲಿನ ಸಾವೊ ಸೀಮೆಯ ರಾಗದಲ್ಲೇ. ಓನ್ನಿ ಇದೇ ದಡದ ಹುಡುಗ. ಹದಿನೆಂಟಕ್ಕೆ ಹಡಗು ಹತ್ತಿದವನು ತಿರುಗಿ ಬರಲಿಲ್ಲ. ಆಕೆಯನ್ನು ಮದುವೆಯಾಗಿ ಸ್ಪೇನಿನ ಕಡಲತೀರದಲ್ಲೇ ನಿಂತ, ಕಳೆದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡ. ಹೆಂಡತಿಗೆ ಅವನು ಹೇಳಿದ್ದೆಲ್ಲ ಹಿಮದ ಕಥೆ: ಹೆಪ್ಪುಗಟ್ಟಿದ ಸರೋವರದ ಮೇಲೆ ಶಾಲೆಗೆ ನಡೆದದ್ದು, ಮಂಜುಗಡ್ಡೆ ಕೊರೆದು ಮೀನು ಹಿಡಿದದ್ದು. ಈ ಮುಗಿಯದ ಬೆಳಕು, ಈ ಹೂವು, ಈ ಸೊಳ್ಳೆ, ಯಾವುದೂ ಆ ಕಥೆಗಳಲ್ಲಿ ಇರಲಿಲ್ಲವಂತೆ. ಅವನು ಹೇಳಿದ ಊರೇ ಬೇರೆ, ತಾನು ಬಂದಿರುವ ಊರೇ ಬೇರೆ ಎಂಬ ಗೊಂದಲದಲ್ಲೇ ಆಕೆ ದಿನ ಕಳೆದಳು. ಕೌಕೊನನ್ನು ಕೇಳಿಕೊಂಡದ್ದು ಒಂದನ್ನೇ. ಓನ್ನಿಯ ತಂಗಿಯನ್ನು ಭಾನುವಾರ ಕಾಫಿಗೆ ಕರೆತರಬೇಕು.

ತಂಗಿ ಔನೆಗೆ ಈಗ ಎಂಬತ್ತನಾಲ್ಕು. ಇಗರ್ಜಿಗೆ ಹೋಗುವ ಬೂಟು ಹಾಕಿಕೊಂಡು, ಆಗಷ್ಟೇ ಬೆಂದ ಮೀನುರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಭಾನುವಾರ ಆಕೆ ದೋಣಿಯಲ್ಲಿ ಕೂತಿದ್ದಳು. ನಡುಬೇಸಿಗೆಯ ಹಬ್ಬದ ವಾರ, ಸರೋವರದ ತುಂಬ ಮೋಟಾರಿನ ಸದ್ದು. ಕೌಕೊನ ತೋಳು ಹಿಡಿದು ಬಂಡೆ ಹತ್ತಿದಳು. ಬಾಗಿಲು ಇನ್ನು ಕೆಲವೇ ಹೆಜ್ಜೆ ಇದೆ ಎನ್ನುವಾಗ ಇಬ್ಬರೂ ಪೊರಕೆಯನ್ನು ನೋಡಿದರು.

ಏನೋ ಹೆಚ್ಚುಕಡಿಮೆ ಆಗಿರಬೇಕು, ಒಂದು ಸಲ ಕೂಗಿ ನೋಡೋಣ ಎಂದು ಕೌಕೊ ತೊದಲಿದ. ಔನೆ ಬೇಡವೆಂದು ತಲೆಯಾಡಿಸಿದಳು.

“ಕರೆದವಳೇ ಪೊರಕೆ ಇಟ್ಟಿದ್ದಾಳೆ. ಸರಿಯಾಗೇ ಮಾಡಿದ್ದಾಳೆ. ನಾವೇನು ಓನ್ನಿಗೊಂದು ಕಾಗದ ಬರೆದಿದ್ವಾ?” ಎಂದಳು. ದೋಣಿಯಲ್ಲಿ ಕೂತ ಮೇಲೆ ಗಂಟನ್ನು ಅವನ ಕಡೆ ತಳ್ಳಿದಳು. “ನೀನೇ ತಿನ್ನೋ. ಮೋಟಾರಿಗಿಂತ ನಿನ್ನ ಹೊಟ್ಟೆ ಸದ್ದೇ ಜಾಸ್ತಿಯಾಗಿದೆ.”

ಅವನು ತಿಂದ. ಸಾವೊದವನು ಬಾಯಿ ಬಿಟ್ಟರೆ ಅರ್ಥದ ಹೊಣೆ ಕೇಳಿದವನ ತಲೆಗೆ ಎನ್ನುತ್ತಾರೆ. ಬಾಯಿ ಬಿಡದೆ ಪೊರಕೆಯಿಟ್ಟವರ ಅರ್ಥಕ್ಕೆ ಹೊಣೆ ಯಾರು? ಅಷ್ಟು ವರ್ಷ ಓನ್ನಿಯ ಜೊತೆ ಬಾಳಿದವಳಿಗೆ ಪೊರಕೆಯ ಮಾತು ಗೊತ್ತಿರದೆ ಇದ್ದೀತೇ? ಗೊತ್ತಿದ್ದರೆ ಆಕೆ ಔನೆಯನ್ನು ಬೇಡವೆಂದಳು. ನಿಜಕ್ಕೂ ಮನೆಯಲ್ಲಿಲ್ಲದಿದ್ದರೆ ದೋಣಿ ಬಿಟ್ಟು ಎಲ್ಲಿ ಹೋದಳು? ಸೋಮವಾರ ಎರಡು ಸಲ ಅದೇ ನೀರಲ್ಲಿ ಹಾದುಹೋದ. ಪೊರಕೆ ಅಲ್ಲೇ ಇತ್ತು, ದೋಣಿಯೂ ಅಲ್ಲೇ ಇತ್ತು.

ಇವತ್ತು ಬೆಳಿಗ್ಗೆ ಅವನಿಗೆ ಹೊಳೆದದ್ದು ಕೆಟ್ಟ ಯೋಚನೆ. ಈಜಲು ಇಳಿದಿದ್ದರೆ? ಮನೆ ಸುತ್ತುವುದು ತಪ್ಪು. ದ್ವೀಪ ಸುತ್ತುವುದು ತಪ್ಪಲ್ಲ, ನೀರು ಎಲ್ಲರದು. ಹುಟ್ಟು ಹಾಕುತ್ತ, ದಡದ ಜೊಂಡಿನಲ್ಲಿ ನೋಡಬಾರದ್ದನ್ನು ಹುಡುಕುತ್ತ, ಅವನು ದ್ವೀಪದ ಆಚೆ ಬದಿಗೆ ಬರುತ್ತಾನೆ.

ದೊಡ್ಡ ನೀರಿಗೆ ಮುಖಮಾಡಿದ ಹಿಂದಿನ ಜಗಲಿಯಲ್ಲಿ ಅಂಪಾರೊ ಕೂತಿದ್ದಾಳೆ. ಅದೇ ಉಣ್ಣೆಯ ಕೋಟು. ಮುಂದಿನ ಮೇಜಿನ ಮೇಲೆ ಬೋರಲು ಹಾಕಿದ ಮೂರು ಬಟ್ಟಲು, ತಟ್ಟೆಯಲ್ಲಿ ಒಣಗಿ ಬಿರುಕುಬಿಟ್ಟ ಏಲಕ್ಕಿ ಬನ್ನುಗಳು.

“ಬಂದ್ಯಾ ಕೌಕೊ,” ಎನ್ನುತ್ತಾಳೆ ಆಕೆ. “ಭಾನುವಾರದ ಕಾಫಿ ಆರಿಹೋಯ್ತು.”

ಕೌಕೊ ಹುಟ್ಟನ್ನು ಒಳಗೆಳೆದು ದೋಣಿಯನ್ನು ದಡದ ಬಂಡೆಗೆ ತಾಗಿಸುತ್ತಾನೆ.

“ಅವಳಿಗೆ ನಾನು ಬೇಡ, ಅಲ್ವಾ? ಹೇಳು, ಪರವಾಗಿಲ್ಲ. ಅಣ್ಣನನ್ನ ಇಟ್ಟುಕೊಂಡು ಕಳಿಸಲೇ ಇಲ್ಲ ನಾನು.”

ಅವನು ಕೇಳುವುದು ಮುಂದಿನ ಬಾಗಿಲಿನ ಪೊರಕೆಯ ವಿಷಯ. ಆಕೆಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಚಿಲಕ ನಿಲ್ಲುವುದಿಲ್ಲವಲ್ಲ, ಗಾಳಿಗೆ ಬಾಗಿಲು ತೆರೆದುಕೊಂಡು ಸೊಳ್ಳೆಯೆಲ್ಲ ಒಳಗೆ ಬರುತ್ತಿತ್ತು, ಹೊರಗಿನಿಂದ ಪೊರಕೆ ಆನಿಸಿ ಈ ಕಡೆಯಿಂದ ಓಡಾಡುತ್ತಿದ್ದೇನೆ ಎನ್ನುತ್ತಾಳೆ. ಮೊದಲ ದಿನವೇ ಆಕೆ ಆ ಚಿಲಕ ತೋರಿಸಿದ್ದಳು. ನಾಳೆ ಸರಿಮಾಡಿಕೊಡುತ್ತೇನೆ ಎಂದು ಅವನು ಹೇಳಿದ್ದ. ಹಬ್ಬದ ಗಡಿಬಿಡಿಯಲ್ಲಿ ಆ ನಾಳೆ ಬಂದಿರಲಿಲ್ಲ.

ಹೇಳಿಬಿಡಬಹುದು. ನಾಲಿಗೆಯ ತುದಿಯಲ್ಲೇ ಇದೆ. ಹೇಳಿದರೆ, ಕಾದು ಕೂತವಳೇ ತನ್ನ ಕೈಯಾರೆ ಬಂದವಳನ್ನು ಹಿಂದಕ್ಕೆ ಕಳಿಸಿದಂತಾಗುತ್ತದೆ.

“ಮೋಟಾರು ಕೆಟ್ಟಿತ್ತು,” ಎನ್ನುತ್ತಾನೆ ಕೌಕೊ. “ಇವತ್ತು ಕರ್ಕೊಂಡು ಬರ್ತೀನಿ. ಕಾಫಿಗೆ ನೀರಿಡಿ.”

ಔನೆಯ ಮುಂದೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಶನಿವಾರ ಮೆಟ್ಟಿಲು ಗುಡಿಸಿದವನು ತಾನೇ ಮರೆತು ಪೊರಕೆಯನ್ನು ಅಲ್ಲಿ ಒರಗಿಸಿದ್ದೆ, ಅಂಪಾರೊ ಮನೆಯ ಆಚೆ ಬದಿಯಲ್ಲಿ ಮಲಗಿದ್ದಳಂತೆ ಎನ್ನುತ್ತಾನೆ. ಭಾನುವಾರ ಬಂದು ಹೋದದ್ದನ್ನು ಆಕೆಯ ಮುಂದೆ ಎತ್ತಬೇಡಿ, ನನ್ನ ಮರೆವು ಬಯಲಾಗುತ್ತದೆ ಎಂದೂ ಬೇಡಿಕೊಳ್ಳುತ್ತಾನೆ.

“ಈ ವಯಸ್ಸಿಗೂ ಪೊರಕೆ ಎಲ್ಲಿಡಬೇಕು ಅಂತ ಗೊತ್ತಿಲ್ವೇನೋ ಮಂಕೆ?” ಎಂದು ಔನೆ ಬೂಟು ಹುಡುಕತೊಡಗುತ್ತಾಳೆ. “ಮೀನುರೊಟ್ಟಿ ನುಂಗಿ ಕೂತೆ. ಈಗ ನಾನು ಬರಿಗೈಯಲ್ಲಿ ಹೋಗಬೇಕು.”

ಅವರು ತಲುಪುವಾಗ ಮುಂದಿನ ಬಾಗಿಲು ಹಾರುಹೊಡೆದಿದೆ. ಪೊರಕೆಯನ್ನು ಕೌಕೊ ಬೆಳಿಗ್ಗೆಯೇ ಒಯ್ದು ಸೌನಾದ ಹಿಂದೆ ಇಟ್ಟಿದ್ದಾನೆ. ಹೆಂಗಸರಿಬ್ಬರೂ ಹೊಸ್ತಿಲಲ್ಲಿ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ಔನೆಯ ಮೂಗು ಓನ್ನಿಯದೇ. ಅಂಪಾರೊ ಕೈ ಚಾಚಿ ಅದನ್ನು ಒಮ್ಮೆ ಮುಟ್ಟುತ್ತಾಳೆ. ಔನೆ ಬೇಡವೆನ್ನುವುದಿಲ್ಲ.

ಆಮೇಲೆ ಜಗಲಿಯಿಂದ ಮಾತು, ಬಟ್ಟಲಿನ ಸದ್ದು ಕೇಳಿಸುತ್ತದೆ. ಕೌಕೊ ಬಾಗಿಲ ಬಳಿ ಮಂಡಿಯೂರಿ ಚಿಲಕ ಬಿಚ್ಚುತ್ತಾನೆ. ಓನ್ನಿ ಯಾಕೆ ಬೇಸಿಗೆಯ ಬಗ್ಗೆ ಒಂದು ಮಾತೂ ಹೇಳಲಿಲ್ಲ ಎಂದು ಅಂಪಾರೊ ಕೇಳುತ್ತಾಳೆ. ಔನೆ ಬನ್ನನ್ನು ಕಾಫಿಯಲ್ಲಿ ಅದ್ದಿ ನೆನೆಯಲು ಬಿಡುತ್ತಾಳೆ.

“ಚಳಿಗಾಲ ನೆನೆದರೆ ಯಾರಿಗೂ ವಾಪಸ್ ಬರಬೇಕು ಅನಿಸಲ್ಲ,” ಎನ್ನುತ್ತಾಳೆ. “ಬೇಸಿಗೆ ಬಾಯಿಗೆ ಬಂದಿದ್ದರೆ ಅವನು ನಿನ್ನನ್ನೂ ಬಿಟ್ಟು ಓಡಿ ಬರ್ತಿದ್ದ.”

ಅಂಪಾರೊ ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾಳೆ.

ಮರುದಿನ ಆಕೆಯನ್ನು ಬಸ್ಸಿಗೆ ಬಿಟ್ಟು ಬಂದ ಕೌಕೊ ಮನೆ ಗುಡಿಸಿ, ಸೌನಾಕ್ಕೆ ನೀರು ತುಂಬಿ, ಕೊನೆಗೆ ಬಾಗಿಲು ಎಳೆದು ನೋಡುತ್ತಾನೆ. “ಗಟ್ಟಿ ಕೂತಿದೆ. ನಾನು ಹೋದ ಮೇಲೂ ಅಲ್ಲಾಡಲ್ಲ,” ಎನ್ನುತ್ತಾನೆ. ಚಿಲಕದ ಬಗ್ಗೆ ಅವನು ಆಡುವುದು ಅಷ್ಟೇ. ಆ ಭಾನುವಾರ ಒಬ್ಬಳು ಮನೆಯ ಆಚೆ ಬದಿಯಲ್ಲಿ ಕಾಯುತ್ತಿದ್ದಾಗಲೇ ಇನ್ನೊಬ್ಬಳು ಈಚೆ ಬದಿಗೆ ಬಂದು ನಿಂತಿದ್ದಳು ಎಂದು ಅವನು ಇಬ್ಬರಿಗೂ ಹೇಳಲಿಲ್ಲ.