ಒಂದೇ ಸಲ ಕೇಳುವ ಮಗಳು

ನಮ್ಮ ಕಡೆ ಊಟಕ್ಕೆ ಕುಳಿತವರು ಎಷ್ಟೇ ಹಸಿದಿದ್ದರೂ ಮೊದಲ ಸಲ ಸಾಕು ಎನ್ನಬೇಕು. ಬಡಿಸುವವರು ಬಿಡದೆ ಉಪಚಾರ ಮಾಡಬೇಕು. ಎರಡನೆಯ ಸಲ ತಾಟಿಗೆ ಕೈ ಅಡ್ಡ ಹಿಡಿಯಬೇಕು, ಮೂರನೆಯ ಸಲ ರೊಟ್ಟಿ ಬೀಳಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಾನು ಮಾತ್ರ ಇಪ್ಪತ್ತೆರಡು ತುಂಬಿದ ಮಗಳಿಗೆ ಕಲಿಸಲು ಹೋಗಿ ಸೋತೆ.

ಅವಳಿಗಿರುವುದು ಆಟಿಸಂ ಎಂದು ವಿಜಾಪುರದ ಡಾಕ್ಟರು ಹೇಳುವ ಹೊತ್ತಿಗೆ ಅವಳು ಲಂಗ-ದಾವಣಿ ಉಡುತ್ತಿದ್ದಳು. ಅಲ್ಲಿಯವರೆಗೆ ನಾನು ಕಟ್ಟಿಸದ ತಾಯಿತವಿಲ್ಲ, ಹೊರದ ಹರಕೆಯಿಲ್ಲ, ಕೇಳದ ಬುದ್ಧಿವಾದವಿಲ್ಲ. ಹೆಸರು ಸಿಕ್ಕಿತು, ದಾರಿ ಸಿಗಲಿಲ್ಲ. ಇಂಥವರಿಗೆ ಕೆಲಸ ಕಲಿಸುವ ಜಾಗ ನಮ್ಮ ಇಂಡಿ ಪಟ್ಟಣದಲ್ಲೂ ಇರಲಿಲ್ಲ, ಪಕ್ಕದ ಸಿಂದಗಿಯಲ್ಲೂ ಇರಲಿಲ್ಲ. ಹಗಲೆಲ್ಲ ಊರ ಮಕ್ಕಳಿಗೆ ಪಾಠ ಹೇಳಿ ಬಂದು, ಸಂಜೆ ಇವಳಿಗೆ ಬಡಿಸುವ ಕೆಲಸವನ್ನಾದರೂ ಕಲಿಸೋಣವೆಂದು, ಬುಟ್ಟಿ ಹಿಡಿಯುವುದು, ಒಂದು ರೊಟ್ಟಿ ಎತ್ತುವುದು, ತಾಟಿನ ಅಂಚಿಗೆ ಇಡುವುದು ಎಂದು ಒಂದೊಂದನ್ನೇ ಬಿಡಿಸಿ ಕಲಿಸಿದೆ. ನಡುನಡುವೆ ಅವಳ ಕಿರುಚಾಟ, ಕೈ ಕಚ್ಚಿಕೊಳ್ಳುವುದು. ಸುಳ್ಳೇಕೆ ಹೇಳಲಿ, ಸಾಕಾಗಿ ಹೋಗುತ್ತಿತ್ತು. ಆದರೆ ನನ್ನ ನಂತರ ಇವಳಿಗೆ ಯಾರು ತುತ್ತು ಹಾಕುತ್ತಾರೆ ಎಂಬ ಚಿಂತೆ ದಣಿವಿಗಿಂತ ದೊಡ್ಡದಿತ್ತು.

ಲಿಂಬೆಹಣ್ಣಿನ ಪೇಟೆಯ ಹತ್ತಿರ ಖಾನಾವಳಿ ನಡೆಸುತ್ತಿದ್ದ, ಊರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು, ಒಂದು ತಿಂಗಳು ನೋಡೋಣ ಎಂದು ಒಪ್ಪಿದರು. ಅಲ್ಲಿ ರೊಟ್ಟಿಗೆ ಮಿತಿಯಿಲ್ಲ, ಹೊಟ್ಟೆ ತುಂಬುವಷ್ಟು. ಮಗಳು ಬುಟ್ಟಿ ಹಿಡಿದು ಅಚ್ಚುಕಟ್ಟಾಗಿ ಬಡಿಸಿದಳು. ಯಾರಾದರೂ ಸಾಕು ಎಂದರೆ ಮುಗಿಯಿತು, ಮತ್ತೆ ಆ ತಾಟಿನ ಕಡೆ ತಿರುಗಿ ನೋಡುತ್ತಿರಲಿಲ್ಲ.

ವಾರದೊಳಗೆ ಅಕ್ಕನ ತಕರಾರು ಬಂತು.

"ಟೀಚರ್ರ, ಮಂದಿ ಅರ್ಧಾ ಹೊಟ್ಟಿಲೆ ಎದ್ದು ಹೊಂಟಾರ್ರಿ. ನಿಮ್ಮ ಮಗಳು ಉಪಚಾರ ಮಾಡಾಂಗಿಲ್ಲ. ಹಿಂಗಾದ್ರ ನಾ ಹ್ಯಾಂಗ ಇಟ್ಕೋಲಿ?"

"ಬುಟ್ಟಿ ಮುಂದ ಇಟ್ಟುಬಿಡ್ರಿ ಅಕ್ಕಾ, ತಾವ ತಗೋತಾರ."

"ತಮ್ಮ ಕೈಲೆ ತಾವ ಬಡಿಸಿಕೊಂಡು ಉಣ್ಣಾಕ, ಇದೇನು ದಿಕ್ಕಿಲ್ಲದವರ ಮನೀ ಏನ್ರಿ?" ಎಂದರು ಅಕ್ಕ.

ಮೂರು ಸಲ ಕೇಳಿ ಹಾಕು ಎಂದು ಮನೆಯಲ್ಲಿ ಪಾಠ ಮಾಡಿದೆ. ಕಲಿತಳು. ಮರುದಿನ ಎಲ್ಲರಿಗೂ ಮೂರು ಸಲ ಕೇಳಿ ಹಾಕಿಯೇ ಬಿಟ್ಟಳು. ಉಂಡು ಎದ್ದ ಒಬ್ಬ ಹಿರಿಯರ ಬೆನ್ನು ಹತ್ತಿ, ಕೈ ತೊಳೆಯುವ ಜಾಗಕ್ಕೇ ಹೋಗಿ ಒದ್ದೆ ಅಂಗೈಗೆ ರೊಟ್ಟಿ ಇಟ್ಟಳು. ಪೇಟೆಯೆಲ್ಲ ನಕ್ಕಿತು. ಸುದ್ದಿ ಕೇಳಿ ನಾನು ಗೋಡೆಗೆ ತಲೆ ಆನಿಸಿ ಕುಳಿತುಬಿಟ್ಟೆ. ಮೊದಲಿನಂತೆ ಒಂದೇ ಸಲ ಕೇಳು ತಾಯಿ ಎಂದು ಹೇಳಿ, ತಿಂಗಳು ಮುಗಿಯುವುದನ್ನು ಕಾದೆ.

ಆ ಹಿರಿಯರು ದಿನಾ ಲಿಂಬೆ ಮಾರಲು ಬರುವವರು. ಒಂದು ದಿನ ಪಕ್ಕದಲ್ಲಿ ಕುಳಿತ ಹೊಸಬನಿಗೆ, "ಆಕಿ ಮುಂದ ನಾಚಿದ್ರ ಉಪವಾಸ ಏಳ್ತಿ ತಮ್ಮಾ. ಹಸಿವಿ ಇದ್ರ ಹಾಕವ್ವ ಅನ್ನು" ಎಂದರಂತೆ. ಮಾತು ಸಾಲಿನಿಂದ ಸಾಲಿಗೆ ದಾಟಿತು. ತಾಂಬಾದಿಂದ, ಲಚ್ಯಾಣದಿಂದ ಬಂದ ದೊಡ್ಡ ಮೀಸೆಯವರೆಲ್ಲ ತಲೆ ತಗ್ಗಿಸಿ "ಬೇಕವ್ವ, ಹಾಕು" ಎನ್ನುವುದನ್ನು ರೂಢಿ ಮಾಡಿಕೊಂಡರು. ನನ್ನ ಮಗಳು ಕಲಿಯಲಿಲ್ಲ, ಉಣ್ಣುವವರು ಕಲಿತರು.

ತಿಂಗಳು ತುಂಬಿದ ಶನಿವಾರ, ಬೆಳಗಿನ ಶಾಲೆ ಮುಗಿಸಿ ಅಳುಕುತ್ತಲೇ ಖಾನಾವಳಿಗೆ ಹೋದೆ. ಮುಂಜಾನೆಯಿಂದ ಹೊಟ್ಟೆಗೆ ಬರೀ ಚಹಾ.

"ಆಕಿ ಇಲ್ಲೇ ಇರ್ಲಿ ಬಿಡ್ರಿ ಟೀಚರ್ರ. ನಿಮ್ಮದು ಊಟಾ ಆತೇನು?" ಎಂದರು ಅಕ್ಕ.

"ಆಗೇತ್ರಿ" ಎಂದೆ, ರೂಢಿಯಂತೆ. ಅವರು ನಂಬಲಿಲ್ಲ, ತಾಟಿಟ್ಟು ಕೂರಿಸಿದರು. ಮಗಳು ಬುಟ್ಟಿ ಹಿಡಿದು ಬಂದು "ರೊಟ್ಟಿ?" ಎಂದಳು. ಬಾಯಿ ತಪ್ಪಿ ಸಾಕವ್ವ ಎಂದುಬಿಟ್ಟೆ. ಬುಟ್ಟಿ ಮುಂದೆ ಹೋಯಿತು.

ಖಾಲಿ ತಾಟಿನ ಮುಂದೆ ಕುಳಿತೆ. ಇಷ್ಟು ವರ್ಷ ಯಾರು ಹೇಗಿದ್ದೀರಿ ಎಂದರೂ ಎಲ್ಲ ಚಲೋ ಐತಿ ಎಂದೇ ಹೇಳಿದ್ದೆ. ಎರಡನೆಯ ಸಲ ಯಾರೂ ಕೇಳಿರಲಿಲ್ಲ. ಅವಳನ್ನು ಹಿಂದಕ್ಕೆ ಕರೆದೆ.

"ನನಗ ಹಸಿವಿ ಆಗೇತಿ. ಹಾಕವ್ವ."

ಅವಳು ನನ್ನ ಮುಖ ನೋಡಲಿಲ್ಲ. ನಾನು ಕಲಿಸಿದ ಹಾಗೆಯೇ ತಾಟಿನ ಅಂಚಿಗೆ ರೊಟ್ಟಿ ಇಟ್ಟಳು. ಅಳುತ್ತಲೇ ಉಂಡೆ.