ಐದನೆಯ ಲಕ್ಷದ ಮೊಳೆ

ಲಾರಿಯ ಮೀಟರಿನಲ್ಲಿ ಕಿಲೋಮೀಟರು ತೋರಿಸಲು ಐದೇ ಅಂಕಿಗಳಿದ್ದ ಕಾಲ ಅದು. ಒಂದು ಲಕ್ಷ ಮುಟ್ಟಿದ ಕೂಡಲೇ ಮೀಟರು ಐದು ಸೊನ್ನೆ ತೋರಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಒಂದರಿಂದ ಶುರು ಮಾಡುತ್ತಿತ್ತು. ಗಾಡಿಯ ನಿಜವಾದ ವಯಸ್ಸು ಮರೆಯಬಾರದೆಂದು ಅಪ್ಪನ ಜೊತೆಯ ಡ್ರೈವರುಗಳು ಒಂದೊಂದು ಸುತ್ತಿಗೂ ಸ್ಟೇರಿಂಗಿನ ಮುಂದಿನ ಹಲಗೆಗೆ ಒಂದು ಹಿತ್ತಾಳೆ ಮೊಳೆ ಹೊಡೆಯುತ್ತಿದ್ದರು. ಅಪ್ಪ ಕೊಂಡಾಗ ನಮ್ಮ ಲಾರಿಯಲ್ಲಿ ಮೂರು ಮೊಳೆಗಳಿದ್ದವು. ನಾಲ್ಕನೆಯದನ್ನು ಅಪ್ಪ ಹೊಡೆದ. ನಾನು ಹೇಳುತ್ತಿರುವುದು ಐದನೆಯ ಮೊಳೆಗೆ ಮುಂಚಿನ ಚಳಿಗಾಲದ ಮಾತು. ಆಗ ನಾನು ಆಳಂದದ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದೆ.

ಆ ಲಾರಿ ಬರುವುದಕ್ಕೆ ಮುಂಚೆ ಅಪ್ಪ ಬೇರೆಯವರ ಗಾಡಿ ಓಡಿಸಿಕೊಂಡು ಬಲು ದೂರದ ಊರುಗಳಿಗೆ ಹೋಗುತ್ತಿದ್ದ. ಮನೆಗೆ ಬರುತ್ತಿದ್ದದ್ದು ಎರಡು ತಿಂಗಳಿಗೊಮ್ಮೆ, ಅದೂ ಎರಡೇ ದಿನ. ಒಂದು ಸಲ ಬಂದಾಗ ನನ್ನ ತಮ್ಮ ಅವ್ವನ ಸೀರೆಯ ಹಿಂದೆ ಅಡಗಿಕೊಂಡು, "ಯಾರಬೇ ಅವರು?" ಎಂದು ಕೇಳಿದ್ದ. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಿದ್ದ. ಸ್ವಂತ ಲಾರಿ ಬಂದ ಮೇಲೆ ದಿನಾ ಸಂಜೆ ಮನೆಯಲ್ಲಿ ಇರತೊಡಗಿದ. ಎಳ್ಳಮಾವಾಸ್ಯೆಯಿಂದ ಶಿವರಾತ್ರಿಯವರೆಗೆ ಜೇವರ್ಗಿ ಕಡೆಯ ನೆಲೋಗಿ ಮತ್ತು ಅಫಜಲಪುರದ ಸುತ್ತಲಿನ ಹಳ್ಳಿಗಳಿಂದ ಕಲಬುರಗಿಯ ಬೇಳೆ ಮಿಲ್ಲಿಗೆ ತೊಗರಿ ಸಾಗಿಸುವ ಕೆಲಸ. ಆ ಎರಡು ತಿಂಗಳು ಲಾರಿ ಒಂದು ದಿನವೂ ನಿಲ್ಲುವಂತಿರಲಿಲ್ಲ. ನಿಂತರೆ ಲೋಡು ಬೇರೆ ಗಾಡಿಗೆ ಹೋಗುತ್ತದೆ, ಅಪ್ಪ ಮತ್ತೆ ಪರರ ಗಾಡಿ ಹತ್ತುತ್ತಾನೆ. ಇದನ್ನು ಅವ್ವ ಪಕ್ಕದ ಮನೆಯ ಕಾಶಮ್ಮನಿಗೆ ಹೇಳುವಾಗ ನಾನು ಕೇಳಿಸಿಕೊಂಡಿದ್ದೆ.

ಅಪ್ಪನಿಗೆ ಗಾಡಿಯ ವಿಷಯದಲ್ಲಿ ಮಡಿವಂತರಂಥ ಶಿಸ್ತು. ಮುಂಜಾನೆ ಎಂಜಿನ್ ಚಾಲೂ ಮಾಡಿ ಮೂರು ನಿಮಿಷ ಸುಮ್ಮನೆ ಬಿಡಬೇಕು. ಸಂಜೆ ಬಂದು ಬಂದ್ ಮಾಡುವ ಮುಂಚೆಯೂ ಮೂರು ನಿಮಿಷ. ಭಾನುವಾರ ಗಾಳಿ ಒಳಗೆ ಹೋಗುವ ಫಿಲ್ಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಬೇಕು. ತಳದಲ್ಲಿ ಎರೆಮಣ್ಣಿನ ಧೂಳು ಕಾಡಿಗೆಯಂತೆ ಕೂತಿರುತ್ತಿತ್ತು. ನನ್ನ ಪಾಲಿನ ಕೆಲಸ ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ. ಹತ್ತಿರ ಹಿಡಿದರೆ ಅದರ ಮೇಲಿನ ಗೀಟು ಅಪ್ಪನಿಗೆ ಕಾಣುತ್ತಿರಲಿಲ್ಲ, ಕನ್ನಡಕ ಹಾಕಿದರೆ ಸಾಹುಕಾರರು ಲೋಡು ಕೊಡಲಿಕ್ಕಿಲ್ಲ ಎಂಬ ಅಳುಕು ಬೇರೆ. ಹಾಗಾಗಿ ದಿನಾ ಆರು ಗಂಟೆಗೆ, ಎಂಜಿನ್ ತಣ್ಣಗಿರುವಾಗ, ನಾನು ಬಂಪರು ಹತ್ತಿ ಉದ್ದನೆಯ ಕಡ್ಡಿ ಎಳೆದು, ಅಪ್ಪ ಕೊಟ್ಟ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಬೇಕು. ಮೇಲಿನ ಗೀಟಿಗೆ ಆಯಿಲ್ ಇದ್ದರೆ 'ಸಮ', ಇಲ್ಲದಿದ್ದರೆ ಎಷ್ಟು ಬೆರಳು ಕಡಿಮೆ ಎಂದು ಗಾಡಿಯ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಡೀಸೆಲ್ಲಿನ ವಾಸನೆ ಆ ತಣ್ಣನೆಯ ಹೊತ್ತಿನಲ್ಲಿ ಮೂಗಿಗೆ ಸಿಹಿಯಾಗಿ ಹತ್ತುತ್ತಿತ್ತು. ಒಳಗಿನಿಂದ ಸಜ್ಜೆ ರೊಟ್ಟಿ ಬಡಿಯುವ ಸದ್ದು.

"ಎಷ್ಟದ ಬೇ?"

"ಸಮ ಅದ ಅಪ್ಪಾ."

"ಬರಿ."

ಇಷ್ಟೇ ಮಾತು. ಆ ಪುಸ್ತಕವನ್ನು ಅಪ್ಪ ಅಫಜಲಪುರದ ಮೆಕ್ಯಾನಿಕ್ ಮೈಬೂಬ್ ಉಸ್ತಾದರಿಗೆ ತಿಂಗಳಿಗೊಮ್ಮೆ ತೋರಿಸುತ್ತಿದ್ದ. ಅವರು ಅದನ್ನು ಉಳಿದ ಡ್ರೈವರುಗಳ ಮುಂದೆ ಹಿಡಿದು, "ನೋಡ್ರಲೇ, ಗುಂಡಪ್ಪನ ಮಗಳು ಬರದಾಳ. ನಿಮಗ ಕಡ್ಡಿ ಎಲ್ಲದ ಅನ್ನೋದಽ ಗೊತ್ತಿಲ್ಲ" ಎಂದು ಬೈಯುತ್ತಿದ್ದರಂತೆ. ಅವರೇ ಅಪ್ಪನಿಗೆ ಒಂದು ಮಾತು ಹೇಳಿದ್ದರು: ವಾರಕ್ಕೆ ಒಂದು ಲೀಟರಿಗಿಂತ ಹೆಚ್ಚು ಆಯಿಲ್ ಕುಡಿಯತೊಡಗಿದರೆ ಎಂಜಿನ್ ಒಳಗಿನ ರಿಂಗುಗಳು ಸವೆದಿವೆ ಎಂದರ್ಥ, ಎಂಜಿನ್ ಬಿಚ್ಚಲೇಬೇಕು. ಬಿಚ್ಚಿದರೆ ಒಂದು ತಿಂಗಳು ಗಾಡಿ ಗ್ಯಾರೇಜಿನಲ್ಲಿ.

ಮೀಟರು ಆಗ ತೊಂಬತ್ತು ಸಾವಿರದ ಹತ್ತಿರ ಇತ್ತು. ಊರವರಿಗೆಲ್ಲ ಅದೇ ತಮಾಷೆ. "ಗುಂಡಪ್ಪಣ್ಣ, ಐದನೇ ಮೊಳಿ ನೀ ಹೊಡಿತೀಯೋ, ಗುಜರಿಯವ ಹೊಡಿತಾನೋ?" ಎನ್ನುತ್ತಿದ್ದರು. ಅಪ್ಪ ನಗುತ್ತಿದ್ದ. ನಾನು ಮಾತ್ರ ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಎಳ್ಳಮಾವಾಸ್ಯೆ ಮುಗಿದ ನಾಲ್ಕನೆಯ ದಿನ ಕಡ್ಡಿ ಎಳೆದರೆ ಆಯಿಲ್ ಗೀಟಿಗಿಂತ ಒಂದು ಬೆರಳು ಕೆಳಗಿತ್ತು. ಹಿಂದಿನ ದಿನ ಸಮ ಇತ್ತು. ಇನ್ನೊಮ್ಮೆ ಒರೆಸಿ ನೋಡಿದೆ. ಅಷ್ಟೇ. ಒಂದೇ ದಿನದಲ್ಲಿ ಒಂದು ಬೆರಳು!

"ಎಷ್ಟದ ಬೇ?"

"ಸಮ ಅದ," ಎಂದೆ. ಬಾಯಿ ತಾನಾಗಿಯೇ ಹೇಳಿತು. ಬರೆದೆ ಕೂಡ. ಅಪ್ಪ ಚಹಾ ಕುಡಿಯಲು ಒಳಗೆ ಹೋದಾಗ, ಬಚ್ಚಲ ಪಕ್ಕ ಇಟ್ಟಿದ್ದ ದೊಡ್ಡ ಡಬ್ಬಿಯಿಂದ ಒಂದು ಚೆಂಬು ಆಯಿಲ್ ತಂದು ಸುರಿದೆ. ಗೀಟಿಗೆ ಬಂತು.

ಎರಡು ದಿನ ಬಿಟ್ಟು ಮತ್ತೆ ಕೆಳಗೆ. ಮತ್ತೆ ಚೆಂಬು. ಮುಂದಿನ ವಾರ ಮತ್ತೆ. ಹದಿನೇಳು ದಿನ ಹೀಗೇ ನಡೆಯಿತು, ಪುಸ್ತಕದಲ್ಲಿ ಹದಿನೇಳೂ ದಿನ 'ಸಮ'. ಶಾಲೆಯಲ್ಲಿ ಮಗ್ಗಿ ಹೇಳುವಾಗಲೂ ನನಗೆ ಕಾಣುತ್ತಿದ್ದದ್ದು ಆ ಕಡ್ಡಿಯೇ. ಗೆಳತಿಯರು ಕುಂಟಾಟಕ್ಕೆ ಕರೆದರೆ ಹೋಗುತ್ತಿರಲಿಲ್ಲ. ಕಾಶಮ್ಮ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಕೊಟ್ಟರೆ ತಮ್ಮನ ಕೈಗೆ ದಾಟಿಸುತ್ತಿದ್ದೆ. ಸಂಜೆ ಲಾರಿಯ ಸದ್ದು ಕೇಳುವವರೆಗೆ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ.

"ಏನಾಗ್ಯಾದ ಇದಕ್ಕ? ಯಾರರ ದೃಷ್ಟಿ ತಾಗ್ಯಾದೇನು?" ಎಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಕೆಮ್ಮು ಬಂತು, ಅವ್ವನಿಗೆ ಸಮಾಧಾನವಾಯಿತು.

ಮೂರನೆಯ ವಾರದಲ್ಲಿ ಲಾರಿ ಹೊಗೆ ಬಿಡತೊಡಗಿತು. ಕಪ್ಪು ಹೊಗೆಯಲ್ಲ, ನೀಲಿ. ಲೋಡು ತುಂಬಿ ಏರು ಹತ್ತುವಾಗ ಹಿಂದಿನ ದಾರಿಯೇ ಕಾಣುತ್ತಿರಲಿಲ್ಲವಂತೆ. ನೆಲೋಗಿಯ ಹಮಾಲರು, "ಏನ್ರಿ ಗುಂಡಪ್ಪಣ್ಣ, ಊರಾನ ಸೊಳ್ಳಿಗೆಲ್ಲ ಹೊಗಿ ಹಾಕಾಕತ್ತೀರೇನು?" ಎಂದು ನಕ್ಕರಂತೆ. ಅಪ್ಪ ಅದನ್ನು ಅವ್ವನಿಗೆ ಹೇಳಿದ, ಆದರೆ ಈ ಸಲ ನಗಲಿಲ್ಲ. "ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕತ್ತದ. ಭಾನುವಾರ ಉಸ್ತಾದರ ಕಡೆ ಒಯ್ತೀನಿ. ಬಿಚ್ಚು ಅಂದ್ರ ಬಿಚ್ಚಬೇಕು."

"ಆಮ್ಯಾಗ?" ಎಂದಳು ಅವ್ವ.

ಅಪ್ಪ ಎದ್ದ. ಗೂಟಕ್ಕೆ ನೇತುಹಾಕಿದ್ದ ಹಳೆಯ ಕ್ಯಾನ್ವಾಸ್ ಚೀಲ ಇಳಿಸಿ, ಧೂಳು ಕೊಡವಿ, ಮತ್ತೆ ಅಲ್ಲೇ ಹಾಕಿದ. ದೂರದ ಊರುಗಳಿಗೆ ಹೋಗುವಾಗ ಒಯ್ಯುತ್ತಿದ್ದ ಚೀಲ ಅದು.

ಭಾನುವಾರ ನಾನೂ ಬರುತ್ತೇನೆಂದು ಹಟ ಹಿಡಿದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಆ ನೀಲಿ ಹೊಗೆಯನ್ನೇ ನೋಡುತ್ತ ಕುಳಿತಿದ್ದೆ. ಗ್ಯಾರೇಜಿನಲ್ಲಿ ಮೈಬೂಬ್ ಉಸ್ತಾದರು ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿನಿಂದ ಉಗಿ ನುಗ್ಗಿತು.

"ಸಪ್ಪಳ ಖರಾಬ್ ಇಲ್ಲ. ಮತ್ತ ಹೊಗಿ ಯಾಕ? ಆಯಿಲ್ ಎಷ್ಟು ಕುಡ್ಯಾಕತ್ತದ?"

ಅಪ್ಪ ಪುಸ್ತಕ ಕೊಟ್ಟ. ಉಸ್ತಾದರು ಹಾಳೆ ತಿರುವಿದರು. "ದಿನಾ ಬರೋಬ್ಬರ್ ಅದ. ಆಯಿಲ್ ಕುಡಿಯಂಗಿಲ್ಲ, ಹೊಗಿ ಬಿಡತದ. ಇದೇನು ಅಜಬ್! ಬಿಚ್ಚಿ ನೋಡೋದಽ ಗತಿ, ಗುಂಡಪ್ಪ." ಕೆಲಸದವರು ಸರಪಳಿ ತಂದರು. ಉಸ್ತಾದರು ಪಾನಾ ತೆಗೆದುಕೊಂಡು ಎಂಜಿನ್ನಿನ ಮೇಲಿನ ಮೊದಲ ಬೋಲ್ಟಿಗೆ ಇಟ್ಟರು.

ನನ್ನ ಕಣ್ಣ ಮುಂದೆ ಬಂದದ್ದು ಆ ಕ್ಯಾನ್ವಾಸ್ ಚೀಲ.

"ಚಾಚಾ, ಬಿಚ್ಚಬ್ಯಾಡ್ರಿ!"

ಎಲ್ಲರೂ ತಿರುಗಿ ನೋಡಿದರು.

"ಆಯಿಲ್ ನಾನೇ ಹಾಕೀನ್ರಿ. ಯಾರಿಗೂ ಹೇಳಿಲ್ಲ. ಪುಸ್ತಕದಾಗ ಬರದದ್ದು ಸುಳ್ಳದ."

ಉಸ್ತಾದರು ಅಪ್ಪನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪಾನಾ ಕೆಳಗಿಟ್ಟು, ಎಂಜಿನ್ ಬಂದ್ ಮಾಡಿ ಹೊತ್ತಾಗಿದ್ದ ಆ ಗಾಡಿಯ ಕಡ್ಡಿ ಎಳೆದರು. ಒರೆಸಿ ಮತ್ತೆ ಇಳಿಸಿ ತೆಗೆದರು. ಆಯಿಲ್ ಮೇಲಿನ ಗೀಟು ದಾಟಿ ನಾಲ್ಕು ಬೆರಳು ಮೇಲಿತ್ತು.

"ಯಾ ಅಲ್ಲಾ! ಇದು ಎಂಜಿನ್ ಅಲ್ಲ, ಬಾವಿ ಅದ!" ಎಂದು ಅವರು ಜೋರಾಗಿ ನಕ್ಕರು. "ಗುಂಡಪ್ಪ, ನಿನ್ನ ಗಾಡಿಗಿ ಮುಪ್ಪು ಬಂದಿಲ್ಲೋ. ಹೊಟ್ಟಿ ಬಿರಿಯ ಉಂಡು ತೇಗಾಕತ್ತದ." ಆಮೇಲೆ ನನ್ನ ಕಡೆ ತಿರುಗಿ, "ಕಮ್ಮಿ ಇತ್ತಂತ ಹಾಕೀದಿ ಹೌದಿಲ್ಲೋ ಬೇಟಿ? ಗಾಡಿ ಎಲ್ಲಿ ನಿಂದರ್ತದ?"

ಉತ್ತರ ಕೊಟ್ಟದ್ದು ಅಪ್ಪ. "ಮನಿ ಮುಂದ ಸಮ ಜಾಗದಾಗ ನಿಂದರ್ತಿತ್ರಿ. ಈಗ ಅಲ್ಲಿ ಕಾಶಮ್ಮನವರು ತೊಗರಿ ಕಟಗಿ ಒಟ್ಟಾಕತ್ತಾರ. ಹಂಗಾಗಿ ಹುಣಸಿ ಗಿಡದ ಏರಿನ ಮ್ಯಾಲ ಹಚ್ಚೀನಿ. ಬಣವಿ ಬೆಳದಂಗ ಮ್ಯಾಲ ಮ್ಯಾಲ ಸರಸಾಕತ್ತೀನಿ."

ಉಸ್ತಾದರು ಚಹಾ ಸುರಿದಿದ್ದ ತಮ್ಮ ಕಪ್ಪಿನ ಬಸಿಯನ್ನು ನನ್ನ ಮುಂದೆ ಹಿಡಿದು ಒಂದು ಕಡೆ ಎತ್ತಿದರು. ಚಹಾ ಇನ್ನೊಂದು ಅಂಚಿಗೆ ಸರಿದು ನಿಂತಿತು. "ಮೂತಿ ಮ್ಯಾಲಾದ್ರ ಆಯಿಲ್ ಹಿಂದ ಹೋಗತದ. ಕಡ್ಡಿ ಮುಂದ ಅದ. ಅದಕ ಏನು ಸಿಗತದ? ಗಾಡಿ ಒಂದು ಹನಿ ಕುಡದಿಲ್ಲ, ನೀ ಮತ್ತ ಮತ್ತ ಕುಡಸೀದಿ." ಬಳಿಕ ಮೆಲ್ಲಗೆ, "ತಪ್ಪು ನಂದೂ ಅದ. ಕಡ್ಡಿ ಬಿಟ್ಟು ಪುಸ್ತಕ ನೋಡಿದೆ" ಎಂದರು.

ಹೆಚ್ಚಿನ ಆಯಿಲ್ ಇಳಿಸಿ ಚಾಲೂ ಮಾಡಿದಾಗ ಹೊಗೆ ಮೊದಲು ಹಾಗೇ ಬಂತು. ಸ್ವಲ್ಪ ಹೊತ್ತಿಗೆ ತೆಳುವಾಯಿತು. ಪೂರ್ತಿ ಹೋಗಲಿಲ್ಲ.

"ಇಷ್ಟು ಇರತದ," ಎಂದು ಉಸ್ತಾದರು ತಮ್ಮ ಬಿಳಿ ಗಡ್ಡ ಮುಟ್ಟಿಕೊಂಡರು.

"ಇನ್ನೂ ಎಷ್ಟು ನಡೀತದ್ರಿ?" ಅಪ್ಪ ಕೇಳಿದ.

"ವ್ಯಾಳ್ಯಾಕ್ಕ ಆಯಿಲ್ ಬದಲಿ ಮಾಡು, ಧೂಳ ಒಳಗ ಬಿಡಬ್ಯಾಡ, ತಣ್ಣಗಿದ್ದಾಗ ಎಬ್ಬಿಸಿ ಓಡಸಬ್ಯಾಡ. ಆರು ಲಕ್ಷಾನೂ ಆಗತದ, ಏಳೂ ಆಗತದ. ಗಡಿಬಿಡಿ ಮಂದಿ ಕೈಯಾಗ ಎರಡು ಲಕ್ಷಕ್ಕಽ ಮಣ್ಣಾಗತದ."

ಮರಳಿ ಮನೆಯ ಕಡೆ ಹೊರಟೆವು. ನಾನು ರಸ್ತೆಬದಿಯ ಕಲ್ಲುಗಳ ಮೇಲಿನ ಕಿಲೋಮೀಟರು ಓದುತ್ತ ಅಪ್ಪನ ಏಟಿಗೆ ಕಾಯುತ್ತಿದ್ದೆ. ಒಂದು ಕಡೆ ನೆಲ ಅಂಗೈಯಂತೆ ಸಮನಾಗಿದ್ದಲ್ಲಿ ಅಪ್ಪ ಗಾಡಿ ನಿಲ್ಲಿಸಿದ. ಮೂರು ನಿಮಿಷ ಬಿಟ್ಟು ಬಂದ್ ಮಾಡಿದ. ಬುತ್ತಿ ಬಿಚ್ಚಿ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ ಕೊಟ್ಟ. ಇಬ್ಬರೂ ತಿಂದೆವು. ಆಮೇಲೆ ಒರೆಸುವ ಬಟ್ಟೆ ನನ್ನ ಕೈಗಿಟ್ಟ.

"ಇಳಿ. ನೋಡು."

ನೋಡಿದೆ. ಉಸ್ತಾದರು ಒಂದಿಷ್ಟು ಹೆಚ್ಚೇ ಇಳಿಸಿದ್ದರು. "ಒಂದು ಬೆರಳು ಕಮ್ಮಿ ಅದ ಅಪ್ಪಾ."

"ಬರಿ."

ಬರೆದೆ. ಬರೆದು, ಮೇಲಿನ ಹದಿನೇಳು 'ಸಮ'ಗಳನ್ನು ಹೊಡೆದುಹಾಕಲು ಹೋದೆ. ಅಪ್ಪ ಕೈ ಹಿಡಿದ.

"ಇರ್ಲಿ. ಹೊಡದಹಾಕಿದ್ರ ಇಬ್ಬರಿಗೂ ಮರೀತದ." ಪುಸ್ತಕ ಮುಚ್ಚಿ ನನ್ನ ಕೈಗಿಟ್ಟ. "ಕಮ್ಮಿ ಇದ್ರ ಕಮ್ಮಿ ಅದ ಅನ್ನವ್ವ. ನಾ ಊರು ಬಿಟ್ಟು ಹೋಗೋದು, ಬಿಡೋದು ನಾ ನೋಡ್ಕೋತೀನಿ. ಆ ಹೊರಿ ನಿಂದಲ್ಲ."

ನಾನು ಯಾಕೆ ಸುಳ್ಳು ಬರೆದೆನೆಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಮೀಟರು ಕೊನೆಗೆ ಬಂತು. ಕೊನೆಯ ಕೆಲವು ಕಿಲೋಮೀಟರು ಉಳಿಸಿಕೊಂಡು ಅಪ್ಪ ನಮ್ಮನ್ನೆಲ್ಲ ಗಾಡಿಯಲ್ಲಿ ಕೂರಿಸಿ ಜಿಡಗಾದ ಮಠಕ್ಕೆ ಹೊರಟ. ನಡುದಾರಿಯಲ್ಲಿ ಐದೂ ಅಂಕಿ ಒಟ್ಟಿಗೆ ಹೊರಳಿ ಸೊನ್ನೆಯಾದವು. ತಮ್ಮ ಚಪ್ಪಾಳೆ ಹೊಡೆದ. ಮೊಳೆಯನ್ನು ಅಪ್ಪ ನನ್ನ ಕೈಯಿಂದ ಹೊಡೆಸಿದ. ಸುತ್ತಿಗೆ ಭಾರವಾಗಿ ಅದು ಸೊಟ್ಟಗಾಯಿತು. ಆ ಬೇಸಿಗೆಯಲ್ಲೇ ಅಪ್ಪ ಧೈರ್ಯ ಮಾಡಿ ಕನ್ನಡಕ ತಂದ. ಗೀಟು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಮರುದಿನ ಆರು ಗಂಟೆಗೆ, ಕನ್ನಡಕ ಹಾಕಿಕೊಂಡೇ, ಬಟ್ಟೆಯನ್ನು ನನ್ನ ಕೈಗೆ ಕೊಟ್ಟ.

ಆ ಎಂಜಿನ್ನನ್ನು ಮೊದಲ ಸಲ ಬಿಚ್ಚಿದ್ದು ಆರು ಲಕ್ಷ ದಾಟಿದ ಮೇಲೆ; ಏಳನೆಯ ಮೊಳೆ ಹೊಡೆದ ವರ್ಷ ಗಾಡಿ ಮಾರಿದೆವು. ಹಲಗೆಯನ್ನು ಅಪ್ಪ ಬಿಚ್ಚಿಟ್ಟುಕೊಂಡ. ಅದೂ ಆ ಪುಸ್ತಕವೂ ಈಗ ನನ್ನ ಕಪಾಟಿನಲ್ಲಿವೆ. ಅಪ್ಪನೂ ಇಲ್ಲ, ಉಸ್ತಾದರೂ ಇಲ್ಲ. ತೊಗರಿ ಕಟ್ಟಿಗೆ ಒಟ್ಟುತ್ತಿದ್ದ ಜಾಗದಲ್ಲಿ ಅಂಗಡಿಗಳಿವೆ. ಮಗನ ಹೊಸ ಗಾಡಿಯಲ್ಲಿ ಏನು ಕಡಿಮೆಯಾದರೂ ಒಂದು ದೀಪ ಹತ್ತುತ್ತದೆ. ಯಾರೂ ಇಳಿದು ನೋಡುವುದಿಲ್ಲ, ಯಾರೂ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಒಳ್ಳೆಯದೇ.

ನಾನು ಈಗಲೂ ಆರಕ್ಕೆ ಏಳುತ್ತೇನೆ. ಬಿಪಿ ನೋಡಿಕೊಂಡು, ಬಂದಷ್ಟೇ ಬರೆಯುತ್ತೇನೆ. ಬರೆದು ಪೆನ್ನು ಮುಚ್ಚುತ್ತೇನೆ. "ಎಷ್ಟದ ಬೇ?" ಎಂದು ಕೇಳುವವರಿಲ್ಲ.